ಬದುಕಿದ್ದವನ ಹೆಸರಿನ ಮುಂದೆ ಶಿಲುಬೆ

ಫೋನು ಬಡಿದುಕೊಂಡಾಗ ವಿದೊಸಾವಾಳ ಎರಡೂ ಕೈ ಅಂಟಾಗಿದ್ದವು. ದ್ರೆನೊವಿಕ್ ರೈಲು ನಿಲ್ದಾಣದ ಹಳೆಯ ಪ್ರಯಾಣಿಕರ ಕೋಣೆಯಲ್ಲಿ ಏಣಿ ಹತ್ತಿ, ಗೋಡೆಗೆ ಬಿಗಿದ ದೊಡ್ಡ ಛಾಯಾಚಿತ್ರದ ಕೆಳಗೆ ಹೆಸರಿನ ಚೀಟಿಗಳನ್ನು ಅಂಟಿಸುತ್ತಿದ್ದಳು. ಒಂದು ಕಾಲದಲ್ಲಿ ಇದೇ ನಿಲ್ದಾಣದಲ್ಲಿದ್ದ ಊಟದ ಮನೆಯವರೆಲ್ಲ ಆ ಚಿತ್ರದಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ನಿಂತಿದ್ದರು. ನಡುವೆ ದಪ್ಪ ಮೀಸೆಯ ಯಜಮಾನ ದ್ರಾಗುತಿನ್ ಪ್ರೊಕಿಚ್. ಅವನ ಎಡಕ್ಕೆ ಸೌಟು ಹಿಡಿದ ಹುಡುಗಿ, ಮಗಳು ಸ್ತಾಮೆನಾ. ಬಲಕ್ಕೆ ತಟ್ಟೆಯನ್ನು ಬೆರಳ ತುದಿಯ ಮೇಲೆ ನಿಲ್ಲಿಸಿಕೊಂಡು ನಗುತ್ತಿರುವ ಉದ್ದನೆಯ ಯುವಕ, ಮಗ ರಾದಿಸಾವ್. ಅವನ ಚೀಟಿಯನ್ನು ಅವಳು ಆಗಷ್ಟೇ ಅಂಟಿಸಿದ್ದಳು. ಹೆಸರಿನ ಮುಂದೆ ಪುಟ್ಟ ಕಪ್ಪು ಶಿಲುಬೆ. ತೀರಿಹೋದವರ ಹೆಸರಿಗೆಲ್ಲ ನಮ್ಮಲ್ಲಿ ಹಾಕುವ ಗುರುತು ಅದು.

ಏಣಿಯಿಂದ ಇಳಿದು, ಹೆಗಲಿನಿಂದ ಫೋನನ್ನು ಕಿವಿಗೆ ಒತ್ತಿಕೊಂಡಳು.

"ವಿದೊಸಾವಾ ಅನ್ನೋರು ನೀವೇನಾ, ತಾಯಿ?" ಮುದಿ ಗಂಡಸಿನ ದನಿ. "ನಾಳೆ ನಿಲ್ದಾಣದಲ್ಲಿ ಹಳೇ ಊಟದ ಪಟ್ಟಿ, ಫೋಟೋ ಎಲ್ಲಾ ಇಡ್ತೀರಂತೆ. ಪೇಪರಲ್ಲಿ ಫೋಟೋ ಹಾಕಿದ್ರು. ಅದ್ರಲ್ಲಿ ತಟ್ಟೆ ಹಿಡ್ಕೊಂಡು ಹಲ್ಲು ಕಿರಿತಾ ನಿಂತಿದಾನಲ್ಲ, ಅವನೇ ನಾನು. ರಾದಿಸಾವ್."

ವಿದೊಸಾವಾ ಅಂಟಿನ ಕೈಯಲ್ಲೇ ಶಿಲುಬೆ ಗುರುತು ಮಾಡಿಕೊಂಡಳು.

"ನೀವು... ಎಲ್ಲಿಂದ ಮಾತಾಡ್ತಾ ಇದೀರಿ?"

"ನಿಶ್‌ನಿಂದ, ತಾಯಿ. ಮತ್ತೆಲ್ಲಿಂದ, ಸ್ವರ್ಗದಿಂದಲಾ?" ಅವನು ನಕ್ಕ. ನಗು ಕೆಮ್ಮಾಗಿ ತಿರುಗಿತು. "ನಾಳೆ ಬೆಳಗಿನ ರೈಲಿಗೆ ಬರ್ತೀನಿ. ನಮ್ಮ ಸ್ತಾಮೆನಾ ಇರ್ತಾಳಾ?"

"ಇರ್ತಾರೆ" ಎಂದು ಬಾಯಿ ತಾನಾಗಿ ಹೇಳಿಬಿಟ್ಟಿತು. ಅತ್ತ ಕಡೆ ಫೋನು ಕಟ್ಟಾಯಿತು.

ವಿದೊಸಾವಾ ಗೋಡೆಯ ಕಡೆ ತಿರುಗಿದಳು. ತಟ್ಟೆ ಹಿಡಿದವನು ನಗುತ್ತಲೇ ಇದ್ದ. ಅವನನ್ನು ಸಾಯಿಸಿದವಳು ತಾನೇ ಎನ್ನಿಸಿತು. ಇನ್ನೂ ಒಂದು ನೆನಪಾಯಿತು. ನಾಳೆ ಹಿರಿಯರ ಶನಿವಾರ, ಸತ್ತವರ ಹೆಸರನ್ನೆಲ್ಲ ಪಾದ್ರಿ ಚರ್ಚಿನಲ್ಲಿ ಓದಿ ಪ್ರಾರ್ಥಿಸುವ ದಿನ. ಆ ಚಿತ್ರದಲ್ಲಿ ತೀರಿಹೋದವರ ಹೆಸರುಗಳನ್ನೆಲ್ಲ ಬರೆದು, ರಾದಿಸಾವನದನ್ನೂ ಸೇರಿಸಿ, ಅವಳು ಆಗಲೇ ಪಾದ್ರಿಯ ಕೈಗೆ ಕೊಟ್ಟಾಗಿತ್ತು.

ವಿದೊಸಾವಾ ರೈಲು ಹಳಿ ಕಾಯುವವನ ಮಗಳು. ಶಾಲೆ ಬೇಗನೆ ಬಿಟ್ಟು, ರೈಲ್ವೆ ನೌಕರರ ವಾಚನಾಲಯದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ಗುಡಿಸುತ್ತ ಗುಡಿಸುತ್ತ ಅಲ್ಲಿದ್ದ ಪುಸ್ತಕಗಳನ್ನು ಓದಿಕೊಂಡಳು. ನಿಲ್ದಾಣದ ಊಟದ ಮನೆ ಮುಚ್ಚಿದ ವರ್ಷ, ಅದರ ಹಿತ್ತಲಲ್ಲಿ ಯಾರೋ ದೊಣ್ಣೆ ಮೆಣಸಿನಕಾಯಿ ಸುಡುತ್ತಿದ್ದರು. ಒಲೆ ಹೊತ್ತಿಸಲು ಕಾಗದದ ಕಟ್ಟುಗಳನ್ನು ತುರುಕುತ್ತಿದ್ದರು. ಅದರಲ್ಲೊಂದು ಹಾಳೆ ಗಾಳಿಗೆ ಹಾರಿ ಅವಳ ಕಾಲಿಗೆ ಬಂದು ಅಂಟಿಕೊಂಡಿತು. ನೇರಳೆ ಮಸಿಯಲ್ಲಿ ಬರೆದ ಒಂದು ಮಂಗಳವಾರದ ಊಟದ ಪಟ್ಟಿ: ಕರುವಿನ ಸಾರು, ಎಲೆಕೋಸಿನಲ್ಲಿ ಸುತ್ತಿದ ಮಾಂಸ, ಬೇಯಿಸಿದ ಪ್ಲಮ್ ಹಣ್ಣು. ಓದುತ್ತಿದ್ದ ಹಾಗೇ ಬಾಯಲ್ಲಿ ನೀರೂರಿತು. ಅಪ್ಪ ಸಂಬಳದ ದಿನ ತಂದು ಕೊಡುತ್ತಿದ್ದ ಅದೇ ಪ್ಲಮ್ಮಿನ ನೆನಪಾಗಿ ಕಣ್ಣಲ್ಲೂ ನೀರು ಬಂತು. ಆವತ್ತು ಒಲೆಯಿಂದ ಎಳೆದು ಉಳಿಸಿಕೊಂಡದ್ದು ಒಂದು ಹಿಡಿ ಹಾಳೆ. ಅವಳ ಸಂಗ್ರಹ ಅಲ್ಲಿಂದ ಶುರುವಾಯಿತು.

ಊರಿನವರ ಬಾಯಿ ಬಿಡಿಸಲು ಅವಳದೇ ಒಂದು ದಾರಿಯಿತ್ತು. ಎದುರು ಕೂತು ಪ್ರಶ್ನೆ ಕೇಳಿದರೆ ನಮ್ಮವರು ಪೊಲೀಸರಿಗೆ ಉತ್ತರ ಕೊಡುವ ಹಾಗೆ ಕೊಡುತ್ತಾರೆ. ಅದಕ್ಕೆ ಅವಳು ಶರತ್ಕಾಲದಲ್ಲಿ, ಮನೆಮನೆಯಲ್ಲೂ ಚಳಿಗಾಲಕ್ಕೆಂದು ಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆಯುವ ಹೊತ್ತಿಗೆ ಚಾಕು ಹಿಡಿದುಕೊಂಡು ಹೋಗುತ್ತಿದ್ದಳು. ಧ್ವನಿ ಮುದ್ರಿಸುವ ಪುಟ್ಟ ಪೆಟ್ಟಿಗೆಯನ್ನು ಕಾಣುವ ಹಾಗೆ ಮೇಜಿನ ಮೇಲಿಟ್ಟು, "ಹಾಕ್ಲಾ?" ಎಂದು ಕೇಳಿ, ಸಿಪ್ಪೆ ಬಿಡಿಸಲು ಕೂರುತ್ತಿದ್ದಳು. ಕೈಗೆ ಕೆಲಸವಿದ್ದರೆ ನಾಲಿಗೆ ಸಡಿಲವಾಗುತ್ತದೆ. ಫೋಟೋ ತೋರಿಸಿದಾಗ ಪ್ರತಿಯೊಬ್ಬರ ಮೇಲೂ ಬೆರಳಿಟ್ಟು ಅವಳು ಕೇಳುತ್ತಿದ್ದದ್ದು ಒಂದೇ ಮಾತು, "ಇದಾರಾ, ಹೋದ್ರಾ?" ಇದ್ದವರಿಗಾಗಿ ಒಂದು ಪ್ರಾರ್ಥನೆ, ಹೋದವರಿಗಾಗಿ ಇನ್ನೊಂದು. ಅವಳಿಗೆ ಪ್ರಾರ್ಥನೆಯೂ ಈ ಸಂಗ್ರಹದ ಕೆಲಸವೂ ಬೇರೆಬೇರೆಯಾಗಿ ಕಂಡಿರಲಿಲ್ಲ.

ಸ್ತಾಮೆನಾಳ ಮನೆಯಲ್ಲೂ ಹಾಗೆಯೇ ಕೇಳಿದ್ದಳು. ವಿಧವೆ, ಮಕ್ಕಳಿಲ್ಲ, ಮಾತು ಕಡಿಮೆ. ತಂದೆ ಬರೆದ ಊಟದ ಪಟ್ಟಿಗಳ ದೊಡ್ಡ ಗಂಟನ್ನೂ ಆ ಛಾಯಾಚಿತ್ರವನ್ನೂ ಕೊಟ್ಟವಳು ಅವಳೇ. ಅವು ಬಂದ ಮೇಲೆಯೇ ವಿದೊಸಾವಾಳ ಸಂಗ್ರಹಕ್ಕೆ ಮೈ ತುಂಬಿದ್ದು. ತಟ್ಟೆ ಹಿಡಿದವನ ಮೇಲೆ ಬೆರಳಿಟ್ಟಾಗ ಸ್ತಾಮೆನಾ ಚಾಕುವಿನಿಂದ ಕಣ್ಣೆತ್ತದೆ ಹೇಳಿದ್ದಳು, "ನಮ್ಮಣ್ಣ ರಾದಿಸಾವ್. ದೇವರು ಅವನ ಆತ್ಮನ ಕ್ಷಮಿಸಲಿ."

ನಮ್ಮಲ್ಲಿ ಆ ಮಾತನ್ನು ಸತ್ತವರಿಗಲ್ಲದೆ ಇನ್ನಾರಿಗೂ ಹೇಳುವುದಿಲ್ಲ. ಕುಡಿದವನು ತಮಾಷೆಗೂ ಹೇಳುವುದಿಲ್ಲ. ವಿದೊಸಾವಾ ಶಿಲುಬೆ ಗುರುತು ಮಾಡಿಕೊಂಡು, ಸತ್ತವನ ಪಾಲೆಂದು ಎದುರಿಗಿದ್ದ ಲೋಟದಿಂದ ಎರಡು ಹನಿ ವೈನನ್ನು ನೆಲಕ್ಕೆ ಚೆಲ್ಲಿದ್ದಳು. ಯಾವಾಗ ಹೋದ, ಎಲ್ಲಿ ಮಣ್ಣು ಮಾಡಿದರು ಎಂದು ಕೇಳಲಿಲ್ಲ. ಒಡಹುಟ್ಟಿದವಳನ್ನು ಅದನ್ನೆಲ್ಲ ಕೆದಕಿ ಕೇಳುವುದು ಹೇಗೆ?

ಈಗ ಅದೇ ಸ್ತಾಮೆನಾಳ ಮನೆಗೆ, ಇಂಜಿನ್ ಶೆಡ್ಡಿನ ಹಿಂದಿನ ಓಣಿಗೆ ಅವಳು ಓಡುನಡಿಗೆಯಲ್ಲಿ ಹೊರಟಳು.

ಸ್ತಾಮೆನಾ ನಾಳೆಯ ಸಮಾಧಿ ಪೂಜೆಗೆ ಗೋಧಿ ಬೇಯಿಸುತ್ತಿದ್ದಳು. ಅಡುಗೆಮನೆಯ ಕಿಟಕಿಯೆಲ್ಲ ಹಬೆ.

"ಅಕ್ಕಾ, ನಿಮ್ಮಣ್ಣ ಫೋನ್ ಮಾಡಿದ್ರು."

ಸೌಟು ನಿಂತಿತು. "ಸತ್ತೋರು ಫೋನ್ ಮಾಡಲ್ಲ."

"ನಿಶ್‌ನಿಂದ ಮಾಡಿದ್ರು. ನಾಳೆ ಬೆಳಗಿನ ರೈಲಿಗೆ ಬರ್ತಾರಂತೆ. ನೀವಿರ್ತೀರಾ ಅಂತ ಕೇಳಿದ್ರು."

ಸ್ತಾಮೆನಾ ಒಲೆ ಸಣ್ಣ ಮಾಡಿದಳು. ಸೆರಗಿನಂತೆ ಇಳಿಬಿಟ್ಟ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡಳು. "ಆ ಮುದ್ರಿಸೋ ಡಬ್ಬ ತಂದಿದೀಯಾ?"

"ಇಲ್ಲ."

"ಒಳ್ಳೇದಾಯ್ತು. ಕೂತ್ಕೋ."

ಅವಳು ನಿಂತುಕೊಂಡೇ ಹೇಳಿದಳು.

"ನಮ್ಮನೆ ದೇವರು ಸಂತ ನಿಕೊಲಾ. ಹಬ್ಬ ಚಳಿಗಾಲದ ಉಪವಾಸದಲ್ಲಿ ಬೀಳುತ್ತೆ, ಮಾಂಸ ಮುಟ್ಟೋ ಹಾಗಿಲ್ಲ. ಆ ಕಾಲದಲ್ಲಿ ಸರ್ಕಾರಿ ಕೆಲಸದಲ್ಲಿದ್ದೋನು ಮನೆಗೆ ಪಾದ್ರಿ ಕರೆಸಿದ್ರೆ ಕೆಲಸ ಹೋಯ್ತು ಅಂತಲೇ. ನಮ್ಮಪ್ಪ ಏನು ಮಾಡಿದ್ರು ಗೊತ್ತಲ್ಲ? ಆ ದಿನ ನಿಲ್ದಾಣದ ಪಟ್ಟಿಯಲ್ಲೇ ಹಬ್ಬದೂಟ ಬರೆದುಬಿಟ್ರು. ಮೀನಿನ ಸಾರು, ಒಲೇಲಿ ಬೇಯಿಸಿದ ಬೀನ್ಸ್ ಕಾಳು, ಗೆಂಡೆ ಮೀನು, ವಾಲ್‌ನಟ್ ಹಾಕಿದ ಸಿಹಿ. ಡ್ರೈವರುಗಳು, ಹಳಿ ಬದಲಿಸೋ ಪಾಯಿಂಟ್ಸ್‌ಮನ್ನುಗಳು ಬರೋರು, ಉಣ್ಣೋರು, ಒಂದು ಮಾತಾಡದೆ ಅಪ್ಪನ ಕೈ ಕುಲುಕಿ ಹೋಗೋರು. ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ."

"ಗೊತ್ತಕ್ಕಾ. ನಮ್ಮಪ್ಪನೂ ಉಂಡಿದಾರೆ."

"ಅಪ್ಪ ಹೋದ್ರು. ಮನೆದೇವರು ಮಗನಿಗೆ ತಾನೇ ಹೋಗೋದು? ಸಂತನ ಪಟನ ಅವನೇ ನಿಶ್‌ಗೆ ತಗೊಂಡು ಹೋದ. ಅಲ್ಲಿ ರೈಲ್ವೆ ಆಫೀಸಲ್ಲಿ ದೊಡ್ಡ ಕುರ್ಚಿ ಸಿಗೋದಿತ್ತು ಅವನಿಗೆ. ಆ ವರ್ಷ ಹಬ್ಬದ ದಿನ ನಾನು ರೊಟ್ಟಿ ಬೇಯಿಸಿ ಬಿಳಿ ಬಟ್ಟೇಲಿ ಸುತ್ಕೊಂಡು ರೈಲು ಹತ್ತಿದೆ. ಈ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯಲ್ಲ, ಬರಬೇಕಾದೋರು ಬರ್ತಾರೆ. ಬಾಗಿಲು ತೆಗೆದ. ಮನೆಯೆಲ್ಲ ಹುರಿದ ಹಂದಿ ವಾಸನೆ. ಪಟ ಇರಬೇಕಾದ ಕಡೆ ಕ್ಯಾಲೆಂಡರ್ ನೇತಾಡ್ತಿದೆ. ದೀಪ ಇಲ್ಲ. ಮೇಜಿನ ಸುತ್ತ ಆಫೀಸಿನ ದೊಡ್ಡೋರು. ಒಬ್ಬ ಕೇಳಿದ, ಯಾರಿವಳು ಅಂತ." ಅವಳ ದನಿ ಇಲ್ಲಿ ಸ್ವಲ್ಪವೂ ಏರಲಿಲ್ಲ. "'ಊರಿನವಳು' ಅಂದ. ತಂಗಿ ಅನ್ನಲಿಲ್ಲ, ವಿದಾ. ಊರಿನವಳು. ನಾನು ಹೊಸ್ತಿಲು ದಾಟಲಿಲ್ಲ. ವಾಪಸ್ ಬರೋ ರೈಲಲ್ಲೇ ಅವನನ್ನ ಮಣ್ಣು ಮಾಡಿದೆ."

ಗೋಧಿ ಕುದಿಯುವ ಸದ್ದು. ವಿದೊಸಾವಾ ಮೆಲ್ಲಗೆ ಹೇಳಿದಳು, "ಅಕ್ಕಾ, ಬದುಕಿರೋರ ಹೆಸರಿಗೆ ಶಿಲುಬೆ ಹಾಕೋದು ಪಾಪ ಅಲ್ವಾ?"

"ಪಾಪ ನನ್ನ ತಲೆಗೆ ಬರ್ಲಿ. ನೀನು ಅಂಟು ಹಚ್ಚೋಳು, ಹಚ್ಚು."

"ನಾಳೆ ಅವರೇ ಬಂದು ಕಣ್ಣಾರೆ ನೋಡ್ತಾರೆ."

"ನೋಡ್ಲಿ. ಅದಕ್ಕೇ ಇರಬೇಕು ಅದು." ಸ್ತಾಮೆನಾ ಬಾಗಿಲವರೆಗೂ ಬಂದಳು. "ಕೇಳಿಸ್ಕೋ. ಶಿಲುಬೆ ತೆಗೆದ್ಯೋ, ನಮ್ಮಪ್ಪನ ಹಾಳೆ ಒಂದೂ ಆ ಗೋಡೇಲಿ ಇರಲ್ಲ. ಬಾಯಿಮಾತಲ್ಲಿ ಕೊಟ್ಟಿದ್ದು, ಬಾಯಿಮಾತಲ್ಲೇ ವಾಪಸ್ ತಗೋತೀನಿ."

ನಿಲ್ದಾಣಕ್ಕೆ ವಾಪಸಾದ ವಿದೊಸಾವಾ ಬೆಂಚಿನ ಮೇಲೆ ಕುಸಿದಳು. ಎದುರಿನ ಗೋಡೆಯ ತುಂಬ ನೇರಳೆ ಮಸಿಯ ಹಾಳೆಗಳು, ಹೂಬಿಟ್ಟ ಹೊಲದಂತೆ. ಅವು ಹೋದರೆ ಉಳಿಯುವುದು ಒಂದು ಛಾಯಾಚಿತ್ರ, ಮೂಲೆ ಸುಟ್ಟ ಒಂದು ಹಿಡಿ ಕಾಗದ, ಮುರಿದ ಒಂದು ಸಾರಿನ ಪಾತ್ರೆ. ಈ ಕೋಣೆಗಾಗಿ ಬೆಟ್ಟಿಂಗ್ ಅಂಗಡಿಯವನೊಬ್ಬ ಪುರಸಭೆಯ ಬಾಗಿಲು ಕಾಯುತ್ತಿದ್ದ. "ನಾಳೆ ಬಂದು ನೋಡ್ತೀವಿ ವಿದಾಕ್ಕ. ನಾಲ್ಕು ಜನ ನೋಡೋ ಹಾಗಿದ್ರೆ ನಿಮಗೇ ಬಿಡ್ತೀವಿ. ಇಲ್ಲದಿದ್ರೆ ನಮ್ಮ ಕೈಲಿಲ್ಲ" ಎಂದಿದ್ದ ಪುರಸಭೆಯ ತಿಹೊಮಿರ್. ಒಳ್ಳೆಯ ಮನುಷ್ಯನೇ, ಆದರೆ ಎಲ್ಲ ಮಾತನ್ನೂ ನಿಂತುಕೊಂಡೇ ಆಡುವವನು.

ನುಂಗುವಂತಿಲ್ಲ, ಉಗುಳುವಂತಿಲ್ಲ. ಹೆಸರಿನ ಚೀಟಿಗಳನ್ನೆಲ್ಲ ಕಿತ್ತುಬಿಟ್ಟರೆ? ಯಾರು ಇದ್ದಾರೆ, ಯಾರು ಹೋದರು ಎಂದು ಹೇಳುವ ಗೋಜೇ ಇಲ್ಲ. ಒಂದು ಕ್ಷಣ ಅದು ದೇವರೇ ತೋರಿಸಿದ ದಾರಿ ಎನ್ನಿಸಿತು. ಮರುಕ್ಷಣವೇ ಚಿತ್ರದಲ್ಲಿದ್ದ ಪಾತ್ರೆ ತೊಳೆಯುವ ಹೆಂಗಸು ಕಣ್ಣಿಗೆ ಬಿದ್ದಳು. ಅವಳ ಹೆಸರು ಹುಡುಕಲು ವಿದೊಸಾವಾ ಎಷ್ಟು ಮನೆಗಳ ಮೆಣಸಿನಕಾಯಿ ಸುಲಿದಿದ್ದಳು! ಊರಲ್ಲಿ ಯಾರ ಬಾಯಲ್ಲೂ ಉಳಿಯದ ಹೆಸರು, ಆ ಚೀಟಿಯ ಮೇಲೆ ಮಾತ್ರ ಇತ್ತು. ಒಬ್ಬಳ ಸುಳ್ಳನ್ನು ಮುಚ್ಚಲು ಎಲ್ಲರ ನಿಜವನ್ನು ಕಿತ್ತುಹಾಕುವುದೇ?

ಹೊರಗೆ ಬೆಳಕು ಇಳಿಯುತ್ತಿತ್ತು. ಬಟ್ಟೆಯ ತುದಿಯನ್ನು ನೀರಲ್ಲಿ ಅದ್ದಿ, "ಸ್ವಾಮೀ, ನನ್ನ ಕೈ ನಡುಗದ ಹಾಗೆ ನೋಡ್ಕೋ" ಎಂದುಕೊಂಡು ಅವಳು ಚೀಟಿಯನ್ನು ಒದ್ದೆ ಮಾಡಿ ಕಿತ್ತಳು. ಹೊಸ ಚೀಟಿಯಲ್ಲಿ ಬರೆದಳು: ರಾದಿಸಾವ್ ಪ್ರೊಕಿಚ್, ಬಡಿಸುವವನು. ಅಷ್ಟೇ. ಹಳೆಯ ಚೀಟಿ ಸ್ವಲ್ಪ ದೊಡ್ಡದಿತ್ತು, ಅದರ ಅಂಚಿನ ಗುರುತು ಗೋಡೆಯ ಮೇಲೆ ಉಳಿಯಿತು. ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಚರ್ಚಿನ ಅಂಗಳದಲ್ಲೇ ಪಾದ್ರಿ ಗವ್ರಿಲೊ ಅವರನ್ನು ಹಿಡಿದು ಉಸಿರು ಬಿಡದೆ ಎಲ್ಲ ಹೇಳಿದಳು. ಅವರು ಚಿಕ್ಕ ವಯಸ್ಸಿನವರು, ಈ ಊರಿಗೆ ಹೊಸಬರು. ಕಿಸೆಯಿಂದ ಪೆನ್ಸಿಲು ತೆಗೆದು ಹೆಸರಿನ ಮೇಲೆ ಗೀಟು ಎಳೆದರು.

"ಇನ್ನೊಂದು ಗಳಿಗೆ ತಡ ಮಾಡಿದ್ರೆ ಬಡಪಾಯಿನ ಕಳಿಸೇಬಿಡ್ತಿದ್ದೆನಲ್ಲಮ್ಮಾ" ಎಂದರು. ಅವಳ ಮುಖ ನೋಡಿ ನಗು ನುಂಗಿಕೊಂಡರು. "ಹೋಗ್ಲಿ ಬಿಡಿ. ಸತ್ತ ಅಂತ ಸುದ್ದಿ ಹಬ್ಬಿದೋನು ನೂರು ಕಾಲ ಬಾಳ್ತಾನೆ ಅಂತಾರೆ ನಮ್ಮಜ್ಜಿ."

ಒಳಗೆ ಮೇಣ, ಸಾಂಬ್ರಾಣಿ, ಒದ್ದೆ ಕೋಟುಗಳ ವಾಸನೆ. ವಿದೊಸಾವಾ ಕಂಬದ ಮರೆಯಲ್ಲಿ ನಿಂತಳು. ಎದುರಿಗೇ ಮೇಣದಬತ್ತಿ ಹಚ್ಚುವ ಕಬ್ಬಿಣದ ಸ್ಟ್ಯಾಂಡು: ಮೇಲಿನ ತಟ್ಟೆ ಬದುಕಿರುವವರಿಗೆ, ಕೆಳಗಿನ ಮರಳಿನ ತಟ್ಟೆ ತೀರಿಹೋದವರಿಗೆ. ಸ್ತಾಮೆನಾ ಅಲ್ಲಿದ್ದಳು. ಬಗ್ಗಿ, ಮರಳಿನಲ್ಲಿ ತಂದೆಗೊಂದು ಬತ್ತಿ ಚುಚ್ಚಿದಳು. ತಾಯಿಗೊಂದು. ಗಂಡನಿಗೊಂದು. ಕೈಯಲ್ಲಿ ಇನ್ನೊಂದು ಉಳಿಯಿತು.

ವಿದೊಸಾವಾ ಕಂಬಕ್ಕೆ ಒತ್ತಿಕೊಂಡಳು. ಚುಚ್ಚಿಬಿಡುತ್ತಾಳೆ, ಬದುಕಿರುವ ಅಣ್ಣನನ್ನು ದೇವರ ಎದುರೇ ಮರಳಿಗೆ ಚುಚ್ಚಿಬಿಡುತ್ತಾಳೆ ಎಂದುಕೊಂಡಳು. ಸ್ತಾಮೆನಾ ಬಗ್ಗಿಕೊಂಡೇ ಇದ್ದಳು. ಆಮೇಲೆ ಸೊಂಟ ಹಿಡಿದುಕೊಂಡು ನೆಟ್ಟಗಾದಳು. ಅತ್ತ ಇತ್ತ ನೋಡಿದಳು. ಕದ್ದ ಮಾಲನ್ನು ಅಡಗಿಸುವವಳಂತೆ ಅವಸರದಲ್ಲಿ ಆ ಬತ್ತಿಯನ್ನು ಮೇಲಿನ ತಟ್ಟೆಯ ಮೂಲೆಯಲ್ಲಿ ನಿಲ್ಲಿಸಿ, ತಿರುಗಿ ನೋಡದೆ ಹೊರಟುಹೋದಳು.

ಗಂಡನಿಲ್ಲ, ಮಕ್ಕಳಿಲ್ಲ. ಬದುಕಿರುವವರ ಸಾಲಿನಲ್ಲಿ ಆಕೆಗೆ ಇನ್ನಾರಿದ್ದಾರೆ?

ವಿದೊಸಾವಾಳಿಗೆ ಒಮ್ಮೆಲೇ ಮೈ ಹಗುರವಾಯಿತು. ಒಂದೇ ಒಂದು ಮಾತು ಸಾಕು. 'ಅಕ್ಕಾ, ಬತ್ತಿ ಎಲ್ಲಿ ಹಚ್ಚಿದ್ರಿ, ನಾನು ನೋಡಿದೆ' ಅಂದರೆ ಆಕೆಯ ಬಾಯಿ ಕಟ್ಟಿಹೋಗುತ್ತದೆ. ಹಾಳೆಗಳು ಗೋಡೆಯಲ್ಲೇ ಉಳಿಯುತ್ತವೆ. ಮೇಲಿನ ತಟ್ಟೆಯ ಆ ಪುಟ್ಟ ಉರಿಯನ್ನು ನೋಡುತ್ತ ನೋಡುತ್ತ ಅವಳಿಗೆ ನಾಚಿಕೆಯಾಯಿತು. ಇಲ್ಲಿ ಕಂಡದ್ದು ಬೀದಿಗೆ ಒಯ್ಯುವಂಥದ್ದಲ್ಲ. ಒಬ್ಬಳು ದೇವರೊಬ್ಬನಿಗೇ ಹೇಳಿದ್ದನ್ನು ಕಂಬದ ಹಿಂದೆ ನಿಂತವಳು ಆಯುಧ ಮಾಡಿಕೊಂಡರೆ, ಆಮೇಲೆ ಯಾರ ಅಡುಗೆಮನೆಯಲ್ಲಿ ಯಾವ ಮುಖ ಹೊತ್ತು ಕೂರುವುದು?

ಅವಳು ನಿಲ್ದಾಣಕ್ಕೆ ಬಂದು ಬಾಗಿಲು ತೆಗೆಯುವಷ್ಟರಲ್ಲಿ ಸ್ತಾಮೆನಾ ಹೊಸ್ತಿಲ ಬಳಿ ನಿಂತಿದ್ದಳು. ಪಕ್ಕದಲ್ಲಿ ಪ್ಲಮ್ ಹಣ್ಣು ತುಂಬುವ ಮರದ ಪೆಟ್ಟಿಗೆ, ಖಾಲಿ. ನೇರವಾಗಿ ಛಾಯಾಚಿತ್ರದ ಮುಂದೆ ಹೋಗಿ ಕನ್ನಡಕ ಏರಿಸಿದಳು.

"ಶಿಲುಬೆ ಎಲ್ಲಿ?"

"ತೆಗೆದೆ, ಅಕ್ಕಾ."

"ಸರಿ."

ಸ್ತಾಮೆನಾ ಏಣಿಯನ್ನು ಗೋಡೆಗೆ ಎಳೆದುಕೊಂಡು ಹಾಳೆಗಳ ಪಿನ್ನು ಕೀಳತೊಡಗಿದಳು. ವಿದೊಸಾವಾ ಏಣಿಯ ಕಾಲು ಹಿಡಿದು ನಿಂತಳು. ಒಂದೊಂದೇ ಹಾಳೆ ಪೆಟ್ಟಿಗೆಗೆ ಬಿತ್ತು. ಕೆಳಗಿನ ಸಾಲು ಬರಿದಾಯಿತು. ನಡುವಿನ ಸಾಲಿಗೆ ಕೈ ಹಾಕುವಾಗ ಹೊರಗೆ ಬ್ರೇಕಿನ ಕಿರುಚಾಟ ಕೇಳಿಸಿತು. ರೈಲು ನಿಂತಿತು. ಹೋಯಿತು. ಪ್ಲಾಟ್‌ಫಾರ್ಮಿನ ಜಲ್ಲಿಯ ಮೇಲೆ ಒಬ್ಬನೇ ಮನುಷ್ಯನ ಹೆಜ್ಜೆ.

ಬಾಗಿಲಲ್ಲಿ ಒಬ್ಬ ಉದ್ದನೆಯ, ಬಾಗಿದ ಮುದುಕ ಹ್ಯಾಟು ತೆಗೆದು ನಿಂತ. ಸ್ತಾಮೆನಾಳ ಬೆನ್ನು ಕಲ್ಲಿನಂತಾಯಿತು, ಆದರೆ ಕೈ ನಿಲ್ಲಲಿಲ್ಲ. ಅವನು ಛಾಯಾಚಿತ್ರದ ಬಳಿ ಹೋಗಿ, ಬಹಳ ಹೊತ್ತು ತಂದೆಯ ಮುಖ ನೋಡಿದ. ಆಮೇಲೆ ತನ್ನ ಹೆಸರು ಓದಿದ. ಅದರ ಅಂಚಿನ ಗುರುತಿನ ಮೇಲೆ ಬೆರಳಾಡಿಸಿದ.

"ಇಲ್ಲೇನೋ ಬೇರೆ ಇತ್ತಲ್ಲ, ತಾಯಿ?"

ವಿದೊಸಾವಾ ಏಣಿಯನ್ನು ಬಿಗಿಯಾಗಿ ಹಿಡಿದಳು. ಸುಳ್ಳು ಹೇಳಬಹುದಿತ್ತು. "ಶಿಲುಬೆ ಇತ್ತು" ಎಂದಳು. "ತಪ್ಪು ನನ್ನದು. ನಿನ್ನೆ ನಿಮ್ಮ ಫೋನು ಬಂದ್ಮೇಲೆ ತೆಗೆದೆ."

ಅವನು ಮೆಲ್ಲಗೆ ತಂಗಿಯ ಬೆನ್ನಿನ ಕಡೆ ತಿರುಗಿದ. "ಯಾವಾಗಿಂದ ಸತ್ತಿದೀನಿ?"

"ಹಂದಿ ತಿಂದ ದಿನದಿಂದ" ಎಂದಳು ಸ್ತಾಮೆನಾ, ಗೋಡೆಗೆ.

"ಹೂವಾದ್ರೂ ಇಟ್ಟಿದ್ಯಾ?"

"ನಿನ್ನ ಮುಖಕ್ಕೆ ಮುಳ್ಳು ಸಾಕು."

ಅವಳು ಮೇಲಿನ ಸಾಲಿಗೆ ಕೈ ಚಾಚಿದಳು. ಎಟುಕಲಿಲ್ಲ. ಇನ್ನೊಂದು ಮೆಟ್ಟಿಲು ಹತ್ತಿದಳು. ಏಣಿ ವಾಲಿತು. ವಿದೊಸಾವಾ ಮೈಭಾರ ಹಾಕಿ ಒತ್ತಿ ಹಿಡಿದಳು.

"ಇಳಿ" ಎಂದ ರಾದಿಸಾವ್.

"ಇಳಿ ಅನ್ನೋಕೆ ನೀನ್ಯಾರು?"

ಅವನು ಹ್ಯಾಟನ್ನು ಬೆಂಚಿನ ಮೇಲಿಟ್ಟ. "ಊರಿನವನು" ಎಂದ.

ಸ್ತಾಮೆನಾ ಏಣಿಯ ಮೇಲೆಯೇ ತಿರುಗಿ, ಮೊದಲ ಸಲ ಅವನ ಮುಖ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡಳು ವಿದೊಸಾವಾ. ಅವಳು ಇಳಿದಳು. ಇಳಿದು, ಕೈಕಟ್ಟಿ ಪಕ್ಕಕ್ಕೆ ನಿಂತಳು. ರಾದಿಸಾವನಿಗೆ ಏಣಿಯ ಕೆಳಗಿನ ಮೆಟ್ಟಿಲೇ ಸಾಕಾಯಿತು. ಆ ಬಾಗಿದ ಬೆನ್ನನ್ನು ಕಷ್ಟಪಟ್ಟು ನೆಟ್ಟಗೆ ಮಾಡಿ, ಮೇಲಿನ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಕೊಡತೊಡಗಿದ. ಅವಳು ಅವನ ಕೈ ತಾಕದ ಹಾಗೆ ಹಾಳೆಯ ತುದಿ ಹಿಡಿದು ತೆಗೆದುಕೊಂಡಳು.

ಒಂದು ಹಾಳೆಯ ಮುಂದೆ ಅವನು ನಿಂತುಬಿಟ್ಟ. "ಸಂತ ನಿಕೊಲಾನ ದಿನದ್ದು. ಗೆಂಡೆ ಮೀನು ಅಂತ ಬರೆದಿದಾರೆ ಅಪ್ಪ. ಆ ವರ್ಷ ಗೆಂಡೆ ಎಲ್ಲಿತ್ತು? ನದಿ ಹೆಪ್ಪುಗಟ್ಟಿತ್ತು. ಹಾಕಿದ್ದು ರೈಲಲ್ಲಿ ತರಿಸಿದ ಬೆಕ್ಕುಮೀನು."

"ಬೆಕ್ಕುಮೀನಂತೆ! ಅಡುಗೆಮನೇಲಿ ಇದ್ದೋಳು ನಾನು."

"ಬಡಿಸಿದೋನು ನಾನು. ಹೆಡ್ ಡ್ರೈವರ್ ಈ ಗೆಂಡೇಲಿ ಮುಳ್ಳೇ ಇಲ್ವಲ್ಲೋ ಅಂತ ಕೇಳಿದ, ನಂಗೆ ನೆನಪಿದೆ."

"ಅವನು ಕುಡಿದಿದ್ದ! ಮುಳ್ಳು ಸಮೇತ ನುಂಗಿರ್ತಾನೆ."

ವಿದೊಸಾವಾಳ ಕೈ ತಾನಾಗಿ ಕಿಸೆಗೆ ಹೋಯಿತು. ಕೇಳದೆ ಯಾವತ್ತೂ ಮುದ್ರಿಸಿದವಳಲ್ಲ. ಧ್ವನಿ ಮುದ್ರಿಸುವ ಪೆಟ್ಟಿಗೆಯನ್ನು ತೆಗೆದು, ಇಬ್ಬರಿಗೂ ಕಾಣುವ ಹಾಗೆ ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಹಾಕ್ಲಾ?" ಎಂದು ಕಣ್ಣಲ್ಲೇ ಕೇಳಿದಳು.

"ಹಾಕು, ಹಾಕು" ಎಂದಳು ಸ್ತಾಮೆನಾ. "ಇವನ ಮೀನಿನ ಸುಳ್ಳು ಊರಿಗೆಲ್ಲ ಗೊತ್ತಾಗ್ಲಿ."

"ಹಾಕಿ, ತಾಯಿ. ಊರೇ ತೀರ್ಮಾನ ಮಾಡ್ಲಿ."

ಕೆಂಪು ದೀಪ ಹೊತ್ತಿತು. ಬೆಕ್ಕುಮೀನು, ಮುಳ್ಳು ನುಂಗಿದ ಡ್ರೈವರ್ ಎಲ್ಲ ಮೊದಲಿಂದ ಮತ್ತೆ ಶುರುವಾಯಿತು. ಸಾರಿಗೆ ಮೆಣಸು ಹೆಚ್ಚು ಹಾಕುತ್ತಿದ್ದವರು ಯಾರು, ತಟ್ಟೆ ಬೀಳಿಸಿ ಬೆಕ್ಕಿನ ಮೇಲೆ ಹೇಳಿದವರು ಯಾರು, ಪಾತ್ರೆ ತೊಳೆಯುವ ಹೆಂಗಸು ಯಾವ ಹಾಡು ಗುನುಗುತ್ತಿದ್ದಳು. ಹಾಳೆಗಳು ಕೆಳಗಿಳಿಯುತ್ತಲೇ ಇದ್ದವು, ಜಗಳ ಏರುತ್ತಲೇ ಇತ್ತು. ಗೋಡೆ ಪೂರ್ತಿ ಬರಿದಾದಾಗ ಸ್ತಾಮೆನಾ ಕೊನೆಯ ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡಳು.

"ಅವತ್ತು ಯಾಕೆ ಹಾಗಂದೆ?"

ರಾದಿಸಾವ್ ಬೆಂಚಿನ ಮೇಲೆ ಕೂತ. "ಹೆದರಿದ್ದೆ" ಎಂದ. "ಕುರ್ಚಿ ಹೋಗುತ್ತೆ ಅಂತ. ಪಟ ಒಲೆ ಹಿಂದೆ ಬಚ್ಚಿಟ್ಟಿದ್ದೆ. ಅವರೆಲ್ಲ ಹೋದ್ಮೇಲೆ ದೀಪ ಹಚ್ಚಿದೆ, ಸ್ತಾಮೆನಾ. ಅಷ್ಟೊತ್ತಿಗೆ ನೀನು ರೈಲಲ್ಲಿದ್ದೆ."

"ಸುಳ್ಳು."

"ಸುಳ್ಳು ಅಂತಲೇ ಇಟ್ಕೋ. ಈಗ್ಲೂ ಹಚ್ತೀನಿ. ಹಬ್ಬ ಬರುತ್ತಲ್ಲ. ಕರೆಯಲ್ಲ ನಾನು. ಈ ಹಬ್ಬಕ್ಕೆ ಕರೆಯೋ ಪದ್ಧತಿ ಇಲ್ಲ."

ಸ್ತಾಮೆನಾ ಹಾಳೆಯನ್ನು ಪೆಟ್ಟಿಗೆಯಲ್ಲಿಟ್ಟು, ಮೇಲೆ ಬಟ್ಟೆ ಹೊದಿಸಿದಳು. ವಿದೊಸಾವಾಳ ಮುಂದೆ ಬಂದು ನಿಂತಳು.

"ಮಾತು ಅಂದ್ರೆ ಮಾತು, ವಿದಾ. ನೀನು ಶಿಲುಬೆ ತೆಗೆದೆ. ಹಾಳೆ ನನ್ನವು."

ಮೇಲಿನ ತಟ್ಟೆಯ ಬತ್ತಿ ವಿದೊಸಾವಾಳ ಕಣ್ಣ ಮುಂದೆ ಬಂದು ನಿಂತಿತು. ಆ ಮಾತು ನಾಲಿಗೆಯ ತುದಿಯವರೆಗೂ ಬಂತು.

"ನಿಮ್ಮವೇ, ಅಕ್ಕಾ" ಎಂದಳು.

ಪೆಟ್ಟಿಗೆ ಭಾರವಿತ್ತು. ಸ್ತಾಮೆನಾ ಬಗ್ಗುವ ಮೊದಲೇ ರಾದಿಸಾವ್ ಅದನ್ನು ಎತ್ತಿಕೊಂಡ. ಇಂಜಿನ್ ಶೆಡ್ಡಿನ ಕಡೆಗೆ ಹಳಿ ದಾಟಿ ಹೋಗಬೇಕು. ಮುಂದೆ ಅವನು, ಕಾಲ ಕೆಳಗಿನದು ಕಾಣದ ಹಾಗೆ ಎದೆಗವಚಿದ ಪೆಟ್ಟಿಗೆ. ಹಿಂದೆ ಅವಳು, ಅವನ ಹ್ಯಾಟು ಹಿಡಿದುಕೊಂಡು. ಬಾಗಿಲಲ್ಲಿ ನಿಂತ ವಿದೊಸಾವಾಳಿಗೆ ಆಕೆಯ ಗದರಿಕೆ ಸ್ಪಷ್ಟವಾಗಿ ಕೇಳಿಸಿತು:

"ಕಾಲೆತ್ತಿ ಇಡೋ! ಹಳಿ ಇದೆ ಅಲ್ಲಿ. ಬಿದ್ದು ಸಾಯ್ತೀಯ!"

ಜನ ಬರತೊಡಗಿದರು. ಸಮಾಧಿಗಳಿಂದ ನೇರವಾಗಿ ಬಂದವರು, ಬೂಟಿಗೆ ಮಣ್ಣು, ಕೈಯಲ್ಲಿ ಖಾಲಿ ಬುಟ್ಟಿ. ಅವರ ಹಿಂದೆ ತಿಹೊಮಿರ್, ರಿಬ್ಬನ್ ಕತ್ತರಿಸುವ ಕತ್ತರಿಯೊಂದಿಗೆ. ಬೋಳು ಗೋಡೆ ನೋಡಿ ಅವನ ಹುಬ್ಬು ಗಂಟಾಯಿತು.

"ಹಾಳೆಗಳೆಲ್ಲಿ, ವಿದಾಕ್ಕ?"

"ಮನೆಗೆ ಹೋದ್ವು."

"ಮನೆಗೆ? ನಾನು ಪುರಸಭೇಲಿ ಏನಂತ ಹೇಳ್ಲಿ? ಜನ ಏನು ನೋಡ್ಬೇಕು ಇಲ್ಲಿ, ಪಿನ್ನಿನ ತೂತನ್ನಾ?"

ಕಿಟಕಿಯ ಕಟ್ಟೆಯ ಮೇಲೆ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಊರಿಗೆಲ್ಲ ಗೊತ್ತಾಗ್ಲಿ ಎಂದವಳು ಸ್ತಾಮೆನಾ. ಊರೇ ತೀರ್ಮಾನ ಮಾಡ್ಲಿ ಎಂದವನು ರಾದಿಸಾವ್. ಮನಸ್ಸಿನಲ್ಲೇ ಒಂದು ಪ್ರಾರ್ಥನೆ ಹೇಳಿಕೊಂಡು ಅವಳು ಮುದ್ರಿಸುವುದನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಗುಂಡಿ ಒತ್ತಿದಳು.

"ಮುಳ್ಳು ಸಮೇತ ನುಂಗಿರ್ತಾನೆ" ಎಂದಿತು ಪೆಟ್ಟಿಗೆ ಸ್ತಾಮೆನಾಳ ದನಿಯಲ್ಲಿ.

ಯಾರೋ ಕಿಸಕ್ಕನೆ ನಕ್ಕರು. ಗುಂಪಿನ ಹಿಂದಿನಿಂದ ಒಬ್ಬ ಮುದುಕ, "ಬೆಕ್ಕುಮೀನೇ ಕಣ್ರೀ, ನಾನೂ ತಿಂದಿದ್ದೆ!" ಎಂದು ಕೂಗಿದ. "ನಿನಗೆ ಆಗಲೂ ನಾಲಿಗೆ ಸತ್ತಿತ್ತು" ಎಂದಳು ಅವನ ಹೆಂಡತಿ. ಆ ಬೋಳು ಗೋಡೆಯ ಮುಂದೆ ಊರು ಎರಡು ಪಾಲಾಯಿತು. ತಿಹೊಮಿರ್ ಕತ್ತರಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಬೆಂಚಿನ ತುದಿಯಲ್ಲಿ ಕೂತ. "ನಮ್ಮಜ್ಜ ಇಲ್ಲಿ ಬೋಗಿ ಜೋಡಿಸೋ ಶಂಟಿಂಗ್ ಕೆಲಸ ಮಾಡ್ತಿದ್ದ" ಎಂದ, ಯಾರಿಗೆ ಎಂದಿಲ್ಲದೆ. "ಅವನ ಹೆಸರು ಬರುತ್ತಾ ಇದರಲ್ಲಿ?"

"ಕೇಳಿ ನೋಡಿ" ಎಂದಳು ವಿದೊಸಾವಾ.

ಅವಳು ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಕಿವಿಗೊಟ್ಟಿದ್ದಳು. ಮೆಣಸು ಕಳೆಯಿತು, ಬೆಕ್ಕು ಕಳೆಯಿತು, ಹಾಡು ಕಳೆಯಿತು. ಸ್ತಾಮೆನಾ ಕೊನೆಯ ಹಾಳೆ ಹಿಡಿದು ಉಸಿರೆಳೆದುಕೊಂಡ ಸದ್ದು ಬಂದ ಕೂಡಲೇ ಗುಂಡಿ ಒತ್ತಿ ನಿಲ್ಲಿಸಿದಳು.

"ಅರೆ! ಆಮೇಲೆ?" ಎಂದ ತಿಹೊಮಿರ್. ಕತ್ತರಿಯನ್ನು ಆಗಲೇ ಬೆಂಚಿನ ಕೆಳಗೆ ಇಟ್ಟಿದ್ದ.

"ಆಮೇಲಿನದು ಅವರ ಮನೇದು" ಎಂದಳು ವಿದೊಸಾವಾ. "ಮೀನಿನದು ಬೇಕಿದ್ರೆ ಇನ್ನೊಂದ್ಸಲ ಹಾಕ್ತೀನಿ."